ಧ್ರುವದ ಹಿಮದಲ್ಲಿ ಎಂಡೋಸಲ್ಫಾನ್: ಅಲ್ಲಿಗೆ ಹೋದದ್ದು ಹೇಗೆ?

ಗೇರುಗುಡ್ಡೆ (ಬೆಳ್ತಂಗಡಿ ಕಡೆ)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ವಿಜ್ಞಾನದ ಪ್ರಾಜೆಕ್ಟಿಗೆ "ಧ್ರುವ ಪ್ರದೇಶಗಳ ಮಾಲಿನ್ಯ" ಅಂತ ವಿಷಯ ಕೊಟ್ಟಿದ್ದಾರೆ. ಪ್ಲಾಸ್ಟಿಕ್ಕು, ಹಡಗಿನ ಎಣ್ಣೆ ಅಂತ ನಾಲ್ಕು ಪುಟ ಬರೆದು ಮುಗಿಸ್ತಾಳೆ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ನಾನು ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು ಕೇಳಿದಳು: "ಅಮ್ಮ, ಉತ್ತರ ಧ್ರುವದ ಹಿಮದಲ್ಲಿ ಎಂಡೋಸಲ್ಫಾನ್ ಸಿಕ್ಕಿದೆ ಅಂತ ಉಂಟು. ಅಲ್ಲಿ ಗೇರುತೋಟ ಇಲ್ಲವಲ್ಲ?"

ನನಗೆ ಉತ್ತರ ಬರಲಿಲ್ಲ. ಎಂಡೋಸಲ್ಫಾನ್ ಅಂದರೆ ಗೇರುಮರಕ್ಕೆ ಹೊಡೆಯುತ್ತಿದ್ದ ಕೀಟನಾಶಕ, ನಮ್ಮ ಮನೆಯಲ್ಲಿ ಅದು ಪುಸ್ತಕದ ಹೆಸರಲ್ಲ. ನಾನು ಚಿಕ್ಕವಳಿರುವಾಗ ಗೇರುಗುಡ್ಡೆಯ ಮೇಲೆ ಅದನ್ನು ಸುರಿಯಲು ಹೆಲಿಕಾಪ್ಟರ್ ಬರುತ್ತಿತ್ತು. ನಾವು ಮಕ್ಕಳು ಕೈಬೀಸಿಕೊಂಡು ಅಂಗಳಕ್ಕೆ ಓಡುತ್ತಿದ್ದೆವು. ಮರುದಿನ ಬಾವಿಕಟ್ಟೆಯ ಮೇಲೆ ಜೇನುಹುಳ ಉದುರಿ ಬಿದ್ದಿರುತ್ತಿತ್ತು, ಅಮ್ಮ ಹಿಡಿಸೂಡಿಯಲ್ಲಿ ಗುಡಿಸುತ್ತಿದ್ದದ್ದು ನೆನಪುಂಟು. ಹತ್ತಿರದ ಮನೆಯ ಹುಡುಗ ನನ್ನ ತಮ್ಮನ ಪ್ರಾಯದವ, ಇವತ್ತಿಗೂ ಚಾಪೆ ಬಿಟ್ಟು ಏಳಲಿಲ್ಲ. ಅವನ ಅಮ್ಮನಿಗೆ ಎಪ್ಪತ್ತು ದಾಟಿತು, ಈಗಲೂ ಗಂಜಿ ಕಲಸಿ ಬಾಯಿಗೆ ಕೊಡುವುದು ಅವರೇ.

ಅದೇ ವಿಷ ಅಷ್ಟು ದೂರ ಹೇಗೆ ಹೋಯಿತು? ಗೊತ್ತಿದ್ದವರು ಮಗಳಿಗೆ ಅರ್ಥ ಆಗುವ ಹಾಗೆ ಹೇಳುತ್ತೀರಾ? ನನಗೂ ತಿಳಿಯಬೇಕು.

ನಿವೃತ್ತ ಮೇಷ್ಟ್ರು

ತಾಯಿ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ. ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು, ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ.

ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಗೆ ನುಸಿಗುಳಿಗೆ ಇಡುತ್ತೀರಲ್ಲ, ಆರು ತಿಂಗಳು ಬಿಟ್ಟು ನೋಡಿದರೆ ಅದು ಕಡಲೆಕಾಳಿನಷ್ಟಾಗಿರುತ್ತದೆ. ನೀರಾಗಿ ಹರಿದಿರುವುದಿಲ್ಲ, ಆವಿಯಾಗಿ ಸೀರೆಗೆ ಹತ್ತಿರುತ್ತದೆ. ಡಿಡಿಟಿ, ಬಿಎಚ್‌ಸಿ, ಎಂಡೋಸಲ್ಫಾನ್ ಎಂಬ ಕೀಟನಾಶಕಗಳು, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ ಎಂಬ ರಾಸಾಯನಿಕ, ಇವುಗಳ ದಾರಿಯೂ ಅದೇ. ವೇಗ ಮಾತ್ರ ಕಡಿಮೆ. ಬಿಸಿಲಿಗೆ ಕಾದ ಮಣ್ಣಿನಿಂದ, ಎಲೆಯಿಂದ ಇವು ಮೇಲೇಳುತ್ತವೆ, ಗಾಳಿ ಕರೆದುಕೊಂಡು ಹೋದಲ್ಲಿಗೆ ಹೋಗುತ್ತವೆ, ತಂಪು ತಗುಲಿದಲ್ಲಿ ಇಳಿಯುತ್ತವೆ. ಮುಂದಿನ ಬೇಸಗೆಗೆ ಅಲ್ಲಿಂದ ಮತ್ತೆ ಏಳುತ್ತವೆ. ಹೀಗೆ ಹಾರುತ್ತಾ ಕೂರುತ್ತಾ ಸಾಗುವುದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು "ಮಿಡತೆ ಜಿಗಿತ". ಕೆನಡಾದಲ್ಲಿ ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮ್ಯಾಕೇ ಎಂಬ ಇಬ್ಬರು 1990ರ ದಶಕದಲ್ಲಿ ಇದರ ಲೆಕ್ಕವನ್ನು ಬಿಡಿಸಿ ತೋರಿಸಿದರು.

ಕಷಾಯ ಕುದಿಯುವಾಗ ಮುಚ್ಚಳದ ಒಳಮೈಗೆ ಹನಿ ಕಟ್ಟುತ್ತದೆಯಲ್ಲ, ಈ ಭೂಮಿಗೆ ಧ್ರುವ ಆ ಮುಚ್ಚಳದ ಹಾಗೆ. ಅಲ್ಲಿಗೆ ಮುಟ್ಟಿದ ಮೇಲೆ ಮತ್ತೆ ಏಳುವಷ್ಟು ಬಿಸಿ ಸಿಗುವುದಿಲ್ಲ. ತಿಂಗಳುಗಟ್ಟಲೆ ಸೂರ್ಯನೇ ಇಲ್ಲ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ಚುರುಕಿಲ್ಲ. ನಮ್ಮಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಒಡೆದುಹೋಗುವ ಅಣು ಅಲ್ಲಿ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ಮಗಳು ಓದಿದ್ದು ನಿಜ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಆಸ್ಟ್‌ಫೊನ್ನಾ ಎಂಬ ದೊಡ್ಡ ಹಿಮರಾಶಿ ಇದೆ. ಅದನ್ನು ಕೊಳವೆಯಿಂದ ಕೊರೆದು ತೆಗೆದ ಮಂಜುಗಡ್ಡೆಯ ಪದರಗಳಲ್ಲಿ ಎಂಡೋಸಲ್ಫಾನ್ ಇತ್ತು. ಕೆನಡಾದ ತೀರಾ ಉತ್ತರದ ತುದಿಯಲ್ಲಿ ಅಲರ್ಟ್ ಎಂಬ ಠಾಣ್ಯ ಇದೆ, ಊರು ಅನ್ನುವಂಥದ್ದು ಸುತ್ತಮುತ್ತ ಇಲ್ಲ. ಅಲ್ಲಿ 1990ರ ದಶಕದಿಂದ ಗಾಳಿಯನ್ನು ಸೋಸಿ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಆ ಗಾಳಿಯಲ್ಲೂ ಸಿಕ್ಕಿತು. ನಿಮ್ಮ ಗುಡ್ಡೆಯದ್ದೇ ಅಣು ಅಲ್ಲಿಗೆ ಹೋಯಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ, ಜಗತ್ತಿನ ಹತ್ತಾರು ದೇಶಗಳಲ್ಲಿ ಅದನ್ನು ಹೊಡೆಯುತ್ತಿದ್ದರು. ಹೋದ ದಾರಿ ಮಾತ್ರ ಇದೇ.

ಸಪ್ತಾಪುರದಾಂವ (ಧಾರವಾಡ)

ಮೇಷ್ಟ್ರ, ಮುಚ್ಚಳದ ಮಾತು ಛಲೋ ತಿಳೀತ್ರಿ. ಆದ್ರ ಒಂದ್ ಅನುಮಾನ ಉಳದದ. ಗಾಳ್ಯಾಗ ಹೋಗೂದು ಎಷ್ಟರೆ ಇದ್ದೀತು? ಅಷ್ಟು ದೊಡ್ಡ ಸಮುದ್ರದಾಗ ಒಂದ್ ಚಿಟಿಕಿ ಬಿದ್ರ ಹಿಮಕರಡಿಗೆ ಏನಾಗತದ?

ಮಾಂಟ್ರಿಯಲ್ ಮಲ್ಲಿಗೆ

ಸಪ್ತಾಪುರದವರೇ, ನೀವು ಹೇಳಿದ ಚಿಟಿಕೆಯೂ ನೀರಿನಲ್ಲಿರುವುದಿಲ್ಲ. ನೀರನ್ನಷ್ಟೇ ಪರೀಕ್ಷೆ ಮಾಡಿದರೆ ಎಲ್ಲ ಚೆನ್ನಾಗಿದೆ ಅಂತಲೇ ಅನಿಸುತ್ತದೆ. ಇವು ನೀರಿಗೆ ಒಗ್ಗದ, ಕೊಬ್ಬಿಗೆ ಒಗ್ಗುವ ವಸ್ತುಗಳು. ಧ್ರುವದ ಸಮುದ್ರದಲ್ಲಿ ಬದುಕುವ ಪ್ರತಿಯೊಂದು ಜೀವಕ್ಕೂ ಕೊಬ್ಬೇ ಆಸ್ತಿ, ಚಳಿಗಾಲಕ್ಕೆ ಕೂಡಿಟ್ಟ ಕಣಜ ಅದು. ಹಸಿರು ಪಾಚಿಯಂಥ ಸೂಕ್ಷ್ಮಸಸ್ಯವನ್ನು ಅಕ್ಕಿಕಾಳಿಗಿಂತ ಚಿಕ್ಕ ಸಿಗಡಿಯಂಥ ಜೀವಿ ತಿನ್ನುತ್ತದೆ, ಅದನ್ನು ಕಾಡ್ ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ. ಪ್ರತಿ ಮೆಟ್ಟಿಲಲ್ಲೂ ತಿಂದ ಆಹಾರ ಖರ್ಚಾಗುತ್ತದೆ, ವಿಷ ಖರ್ಚಾಗುವುದಿಲ್ಲ. ಕರಡಿಯ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ. ತಾಯಿಕರಡಿ ಗುಹೆಯಲ್ಲಿ ಉಪವಾಸ ಇದ್ದು ತನ್ನ ಕೊಬ್ಬನ್ನೇ ಕರಗಿಸಿ ಮರಿಗೆ ಹಾಲೂಡುವ ಹೊತ್ತಿಗೆ ಅಷ್ಟು ವರ್ಷ ಕೂಡಿದ್ದೆಲ್ಲ ಮರಿಯ ಬಾಯಿಗೆ.

ಇಲ್ಲಿನ ಮನುಷ್ಯರ ಕತೆ ನಿಮಗೆ ಹೇಳಲೇಬೇಕು. ನಾನು ನರ್ಸು. ಕ್ಯೂಬೆಕ್ ಪ್ರಾಂತ್ಯದ ಉತ್ತರ ಭಾಗ ನುನಾವಿಕ್, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಊರುಗಳು. ಅಲ್ಲಿಗೆ ರಸ್ತೆ ಇಲ್ಲ, ವಿಮಾನದಲ್ಲೇ ಹೋಗಬೇಕು. ಕೆಲವು ವರ್ಷ ನಾನು ಆರಾರು ವಾರಗಳ ಪಾಳಿಯಲ್ಲಿ ಅಲ್ಲಿ ಕೆಲಸ ಮಾಡಿದೆ.

1980ರ ದಶಕದಲ್ಲಿ ಎರಿಕ್ ದೆವಾಯಿ ಎಂಬ ವೈದ್ಯ-ವಿಜ್ಞಾನಿ ದಕ್ಷಿಣ ಕ್ಯೂಬೆಕ್‌ನ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಷ್ಟಿದೆ ಅಂತ ಹುಡುಕುತ್ತಿದ್ದರು. ಹೋಲಿಸಿ ನೋಡುವುದಕ್ಕೆ ಮಾಲಿನ್ಯ ಸೋಕದ ಹಾಲು ಬೇಕಿತ್ತು. ಕಾರ್ಖಾನೆ ಇಲ್ಲದ ಧ್ರುವದ ಹತ್ತಿರದ ತಾಯಂದಿರ ಹಾಲು ಶುದ್ಧ ಇರುತ್ತದೆ ಅಂತ ಅಲ್ಲಿಂದ ತರಿಸಿಕೊಂಡರು. ದಕ್ಷಿಣದ ತಾಯಂದಿರ ಹಾಲಿನಲ್ಲಿದ್ದದ್ದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಪಿಸಿಬಿ ಆ ಹಾಲಿನಲ್ಲಿತ್ತು. ಅದು 1989ರಲ್ಲಿ ಪ್ರಕಟವಾಯಿತು. ಆ ಹೆಂಗಸರು ಜೀವಮಾನದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಮುಟ್ಟಿದವರಲ್ಲ. ಅವರು ತಿಂದದ್ದು ಅಜ್ಜಿ ಮುತ್ತಜ್ಜಿಯರು ತಿಂದದ್ದನ್ನೇ: ಸೀಲ್, ಬೆಲೂಗಾ ತಿಮಿಂಗಿಲ, ಮೀನು.

ಒಂದು ಮನೆಯಲ್ಲಿ ನಾನೂ ಊಟಕ್ಕೆ ಕೂತಿದ್ದೆ. ಅಡುಗೆಮನೆಯ ನೆಲಕ್ಕೆ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿದ್ದರು. ಅದರ ಮೇಲೆ ಬೆಳಗ್ಗೆ ತಂದ ಸೀಲ್. ಸುತ್ತ ಮಕ್ಕಳು, ಅಜ್ಜಿ, ಪಕ್ಕದ ಮನೆಯವರು. ಅಜ್ಜಿಯ ಕೈಯಲ್ಲಿ ಉಲು, ನಮ್ಮ ಈಳಿಗೆಯ ಅಲಗನ್ನು ಅರ್ಧಚಂದ್ರ ಮಾಡಿ ಮೇಲೆ ಹಿಡಿ ಇಟ್ಟ ಹಾಗಿರುವ ಕತ್ತಿ. ಕೊಬ್ಬಿನ ಎಳೆ ಕೊಯ್ದು ಮೊದಲ ತುಂಡನ್ನು ಅವರು ಬಸುರಿ ಸೊಸೆಗೆ ಕೊಟ್ಟರು, ನಮ್ಮಲ್ಲಿ ಬಸುರಿಗೆ ತುಪ್ಪ ಬಡಿಸುವ ಹಾಗೆ. ಆ ಸೊಸೆ ಆಮೇಲೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಕೇಳಿದಳು, ಮಗುವಿಗೆ ಹಾಲು ಕೊಡಬಹುದಾ ಅಂತ.

ಕೊಡು ಅಂದೆ. ವೈದ್ಯರ ಸಲಹೆಯೂ ಅದೇ, ಹಾಲಿನಿಂದಾಗುವ ಒಳ್ಳೆಯದು ಹೆಚ್ಚು. ಆದರೆ ಅವಳು ಆ ಪ್ರಶ್ನೆ ಕೇಳಬೇಕಾಗಿ ಬಂತಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಈ ವಿಷ ಹೆಚ್ಚು ಸೇರಿದ ಮಕ್ಕಳಲ್ಲಿ ಕಿವಿಯ ಸೋಂಕು ಮತ್ತೆ ಮತ್ತೆ ಬರುತ್ತದೆ ಎಂದು ಅಲ್ಲಿನ ಅಧ್ಯಯನಗಳೇ ತೋರಿಸಿವೆ. ಬೇಟೆ ಬಿಟ್ಟು ಅಂಗಡಿಯ ಊಟ ತಿನ್ನಿ ಅನ್ನೋಣವೆಂದರೆ ಎಲ್ಲವೂ ವಿಮಾನದಲ್ಲಿ ಬರಬೇಕು, ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಕೈಗೆಟುಕುವುದು ಚಿಪ್ಸು, ಸೋಡಾ. ಅದರಿಂದ ಸಕ್ಕರೆ ಕಾಯಿಲೆ ಮನೆ ಮನೆಗೂ ಬರುತ್ತಿದೆ.

ಕಾಫಿಹೂ

ಮಲ್ಲಿಗೆ ಅಕ್ಕ, ಓದಿ ಸುಮ್ಮನೆ ಕೂತುಬಿಟ್ಟೆ. ನನಗೂ ನಾಲ್ಕು ತಿಂಗಳ ಮಗು ಇದೆ.

ನೇರನುಡಿ

ಎಲ್ಲ ಸರಿ. ಆದರೆ ಇಂಥ ಚರ್ಚೆ ಶುರುವಾದರೆ ಕೊನೆಗೆ ಬೆರಳು ತಿರುಗುವುದು ಬಡ ರೈತನ ಕಡೆಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ತಾಯಂದಿರ ಹಾಲಿನಲ್ಲಿ ಸಿಕ್ಕಿದ್ದು ಪಿಸಿಬಿ. ಜಗತ್ತಿನಲ್ಲಿ ತಯಾರಾದ ಪಿಸಿಬಿ ಸುಮಾರು 13 ಲಕ್ಷ ಟನ್, ಅದರಲ್ಲಿ ಬಹುಪಾಲು ತಯಾರಾದದ್ದೂ ಬಳಕೆಯಾದದ್ದೂ ಶ್ರೀಮಂತ ದೇಶಗಳಲ್ಲಿ. ಗಾಳಿಯಲ್ಲಿ ಹೋದದ್ದು ಒಂದು ಕಡೆ, ಕೈಯಾರೆ ಒಯ್ದು ಸುರಿದದ್ದು ಇನ್ನೊಂದು ಕಡೆ. ಶೀತಲ ಸಮರದ ಕಾಲದಲ್ಲಿ ರಷ್ಯದ ವಿಮಾನ ಬಂದರೆ ಗೊತ್ತಾಗಲಿ ಎಂದು ಅಲಾಸ್ಕಾದಿಂದ ಗ್ರೀನ್‌ಲ್ಯಾಂಡ್‌ವರೆಗೆ ರೇಡಾರ್ ಠಾಣ್ಯಗಳ ಸಾಲು ಕಟ್ಟಿದರು. ಕೆಲಸ ಮುಗಿದ ಮೇಲೆ ಡ್ರಮ್ಮು, ಪಿಸಿಬಿ ಇದ್ದ ಯಂತ್ರ, ಬಣ್ಣ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದರು. ಕೆನಡಾದ ಪಾಲಿನ ಠಾಣ್ಯಗಳ ಮಣ್ಣು ಬಾಚಿ ತೆಗೆಯುವ ಕೆಲಸಕ್ಕೆ ಹತ್ತಾರು ವರ್ಷ ಹಿಡಿಯಿತು.

ಗ್ರೀನ್‌ಲ್ಯಾಂಡಿನ ಹಿಮದೊಳಗೆ ಅಮೆರಿಕದ ಸೇನೆ 1959ರಲ್ಲಿ ಕ್ಯಾಂಪ್ ಸೆಂಚುರಿ ಎಂಬ ನೆಲೆ ಕಟ್ಟಿತು. ಸುರಂಗದೊಳಗೆ ಪುಟ್ಟ ಅಣು ರಿಯಾಕ್ಟರ್ ಕೂಡ ಇತ್ತು. 1967ರಲ್ಲಿ ಬಿಟ್ಟು ಹೊರಟರು. ರಿಯಾಕ್ಟರ್ ಒಯ್ದರು, ಉಳಿದದ್ದನ್ನು ಹಿಮವೇ ಮುಚ್ಚಿಕೊಳ್ಳಲಿ ಎಂದು ಬಿಟ್ಟರು. 2016ರಲ್ಲಿ ಬಂದ ಅಧ್ಯಯನದ ಅಂದಾಜಿನಂತೆ ಒಳಗೆ ಸುಮಾರು 2 ಲಕ್ಷ ಲೀಟರ್ ಡೀಸೆಲ್ ಇದೆ, ಪಿಸಿಬಿ ಇದೆ. ಬಿಸಿ ಹೀಗೇ ಏರಿದರೆ ಒಂದು ದಿನ ಆ ಹಿಮ ಬಾಯಿಬಿಡುತ್ತದೆ. ಇದಕ್ಕೆ ಯಾರು ಹೊಣೆ? ಬೆಳ್ತಂಗಡಿಯವರೋ?

ನಾಲೆಬಯಲು (ಮಂಡ್ಯ ಜಿಲ್ಲೆ)

ನೇರನುಡಿ ಅಣ್ಣ, ರೈತನ ಪರವಾಗಿ ಮಾತಾಡಿದಿರಿ, ಸಂತೋಷ. ಆದ್ರೆ ನನ್ನ ಮಾತೂ ಒಸಿ ಕೇಳಿ.

ನಮ್ಮಪ್ಪ ಅದನ್ನ ಗ್ಯಾಮಾಕ್ಸಿನ್ ಅನ್ನೋರು. ಚೀಲದ ಮೇಲೆ ಬಿಎಚ್‌ಸಿ ಅಂತ ಇರೋದು. ಭತ್ತಕ್ಕೆ ಹುಳ ಬಿದ್ರೆ ಅದೇ, ಕಣಜಕ್ಕೆ ಇರುವೆ ಬಂದ್ರೆ ಅದೇ, ಹಟ್ಟಿ ಸಂದಿಗೂ ಅದೇ. ಬೆಳಗಿನ ಜಾವ ಎಲೆ ಮೇಲೆ ಇಬ್ಬನಿ ಇರೋವಾಗ ಪುಡೀನ ತೆಳ್ಳನೆ ಪಂಚೆ ಬಟ್ಟೇಲಿ ಗಂಟು ಕಟ್ಕೊಂಡು ಗದ್ದೆ ಬದೂನ ಮೇಲೆ ನಡೀತಾ ಒದರೋದು. ನಾನು ಹತ್ತು ಹನ್ನೊಂದು ವರ್ಷದೋನು, ನನ್ ಕೈಗೂ ಒಂದು ಗಂಟು ಕೊಡೋರು. ಮೂಗಿಗೆ ಬಟ್ಟೆ ಗಿಟ್ಟೆ ಏನೂ ಇಲ್ಲ. ಬಿಸಿಲು ಏರೋ ಹೊತ್ಗೆ ಗದ್ದೆ ಮೇಲೆ ಬಿಳಿ ಹೊಗೆ ಥರ ಎದ್ದು ಹೋಗೋದು. ಎಲ್ಲಿಗೆ ಹೋಯ್ತು ಅಂತ ಈ ವಯಸ್ಸಿನಗಂಟ ಒಂದಿನಾನೂ ಯೋಚ್ನೆ ಮಾಡಿರಲಿಲ್ಲ. ಮೇಷ್ಟ್ರೇ, ನಾವು ಒದರಿದ್ದೂ ಆ ತಾಯಂದಿರ ತಾವ ಹೋಗಿರ್ತದಾ?

ನಿವೃತ್ತ ಮೇಷ್ಟ್ರು

ನಾಲೆಬಯಲಿನವರೇ, ಕೇಳಿದ್ದೀರಿ, ಮುಚ್ಚಿಡದೆ ಹೇಳುತ್ತೇನೆ. ಹೋಗಿರುತ್ತದೆ. ಬಿಎಚ್‌ಸಿ ಎಂದು ಕರೆಯುತ್ತಿದ್ದದ್ದು ಈಗ ಎಚ್‌ಸಿಎಚ್ ಎನ್ನುವ ವಸ್ತು. ಆ ಪುಡಿಯಲ್ಲಿ ಹುಳ ಕೊಲ್ಲುವ ಗಾಮಾ ರೂಪ ಇದ್ದದ್ದು ಸ್ವಲ್ಪ, ಆರು ಏಳರಲ್ಲಿ ಒಂದು ಪಾಲು. ಹೆಚ್ಚಿನದು ಆಲ್ಫಾ ಎಂಬ ಕೆಲಸಕ್ಕೆ ಬಾರದ ರೂಪ. ಈ ಆಲ್ಫಾ ಬೇಗ ಆವಿಯಾಗುತ್ತದೆ. ಹೆಚ್ಚು ಜಿಗಿತವಿಲ್ಲದೆ ನೇರವಾಗಿ ಉತ್ತರದ ತಣ್ಣನೆಯ ಸಮುದ್ರಕ್ಕೆ ಸೇರಿಬಿಡುತ್ತದೆ. ಒಂದು ಕಾಲಕ್ಕೆ ಧ್ರುವದ ಗಾಳಿಯಲ್ಲೂ ನೀರಲ್ಲೂ ಬೇರೆಲ್ಲ ಕೀಟನಾಶಕಗಳಿಗಿಂತ ಹೆಚ್ಚಾಗಿ ಸಿಗುತ್ತಿದ್ದದ್ದು ಇದೇ. ಅದನ್ನು ಬಹಳವಾಗಿ ಬಳಸಿದ ದೇಶಗಳೆಂದರೆ ಚೀನಾ ಮತ್ತು ನಾವು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಚೀನಾ 1983ರಲ್ಲಿ ನಿಲ್ಲಿಸಿತು, ನಾವು 1997ರಲ್ಲಿ. ಜಗತ್ತಿನಲ್ಲಿ ಬಳಕೆ ಇಳಿದಂತೆಲ್ಲ ಧ್ರುವದ ಗಾಳಿಯಲ್ಲೂ ಆಲ್ಫಾ ಇಳಿಯಿತು. ಅಳೆದ ಗೆರೆ ಕಾಗದದ ಮೇಲೆ ಕಣ್ಣಿಗೆ ಕಾಣುವ ಹಾಗೆ ಕೆಳಗಿಳಿದಿದೆ. ಗಾಳಿ ಎಷ್ಟು ಚೊಕ್ಕವಾಯಿತು ಎಂದರೆ, ಅಷ್ಟು ವರ್ಷ ವಿಷ ಕುಡಿದಿದ್ದ ಸಮುದ್ರವೇ ಅದನ್ನು ಗಾಳಿಗೆ ವಾಪಸು ಬಿಡತೊಡಗಿತು. 1990ರ ದಶಕದ ಆರಂಭದಲ್ಲಿ ಬೇರಿಂಗ್ ಸಮುದ್ರದ ಕಡೆ ಅಳೆದವರು ಇದನ್ನು ಕಂಡರು. ಮಂಡ್ಯದ ಗದ್ದೆಯಲ್ಲಿ ನೀವು ಒದರಿದ್ದು ಅಲ್ಲಿಗೆ ಮುಟ್ಟಿತು. ನೀವು ನಿಲ್ಲಿಸಿದ್ದೂ ಮುಟ್ಟಿತು.

ನೇರನುಡಿಯವರೇ, ನಿಮ್ಮ ಮಾತು ಸುಳ್ಳಲ್ಲ. ಪಿಸಿಬಿಯ ಲೆಕ್ಕದಲ್ಲಿ ಅವರ ಪಾಲು ದೊಡ್ಡದು, ಎಚ್‌ಸಿಎಚ್ ಲೆಕ್ಕದಲ್ಲಿ ನಮ್ಮದು ಸಣ್ಣದಲ್ಲ. ಹತ್ತು ವರ್ಷದ ಹುಡುಗನ ಕೈಗೆ ಗಂಟು ಕೊಟ್ಟ ತಂದೆಯ ತಪ್ಪಲ್ಲ ಅದು. ಅದನ್ನು ಔಷಧಿ ಎಂದು ಹೇಳಿ ಕೈಗಿಟ್ಟವರು ಬೇರೆ. ಇವತ್ತಿಗೂ ನಾವು ಕೀಟನಾಶಕದ ಅಂಗಡಿಗೆ ಹೋಗಿ ಕೇಳುವುದು "ಔಷಧಿ ಕೊಡಿ" ಎಂದೇ. ಆ ಮಾತನ್ನು ಬಿಟ್ಟು ವಿಷ ಎಂದು ಕರೆದಿದ್ದರೆ ಎಷ್ಟೋ ಕೈಗಳು ಹಿಂಜರಿಯುತ್ತಿದ್ದವು.

ಸಪ್ತಾಪುರದಾಂವ

ನಾ ಸಣ್ಣಾಂವ ಇದ್ದಾಗ ಮನಿ ಗ್ವಾಡಿಗೆ ಡಿಡಿಟಿ ಹೊಡ್ಯಾಕ ಬರತಿದ್ರು. ಭಾಂಡೆ, ಹಾಸಿಗಿ ಎಲ್ಲಾ ಹೊರಗ ಇಡೂದು, ಆಮ್ಯಾಲ ಬಾಗಲ ಮ್ಯಾಲ ತಾರೀಖು ಬರದು ಹೋಗೂದು. ಅದೂ ತಪ್ಪಾ ಹಂಗಂದ್ರ?

ನಿವೃತ್ತ ಮೇಷ್ಟ್ರು

ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಮಲೇರಿಯಾಕ್ಕೆ ಊರಿಗೆ ಊರೇ ಮಲಗುತ್ತಿದ್ದ ಕಾಲ. ಮನೆಯ ಗೋಡೆಗೆ ಹೊಡೆಯುವುದು ಬೇರೆ, ಎಕರೆಗಟ್ಟಲೆ ಹತ್ತಿಗೆ ಸುರಿಯುವುದು ಬೇರೆ. ನಮ್ಮಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ. ಮುಂದೆ ಇಂಥ ವಿಷಗಳನ್ನು ನಿಲ್ಲಿಸಲು ದೇಶಗಳು ಸೇರಿ ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದವೂ ರೋಗ ಹರಡುವ ಸೊಳ್ಳೆಯ ಮಟ್ಟಿಗೆ ಅದಕ್ಕೆ ಅವಕಾಶ ಉಳಿಸಿತು.

ಮೈತ್ರಿ ಮೆಕ್ಯಾನಿಕ್

ಎಲ್ಲರೂ ಉತ್ತರದ ಮಾತೇ ಆಡ್ತಿದ್ದೀರಿ, ದಕ್ಷಿಣದ್ದು ನಾನು ಹೇಳ್ತೀನಿ. ಅಂಟಾರ್ಕ್ಟಿಕದ ನಮ್ಮ ಮೈತ್ರಿ ನೆಲೆಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸಕ್ಕೆ ಒಂದು ಚಳಿಗಾಲ ಪೂರ್ತಿ ಇದ್ದೆ.

ಆ ಖಂಡದಲ್ಲಿ ರೈತರಿಲ್ಲ, ಊರಿಲ್ಲ. ಆದರೂ ಅಡೇಲಿ ಪೆಂಗ್ವಿನ್‌ಗಳ ಮೈಯಲ್ಲಿ ಡಿಡಿಟಿ ಇದೆ ಅಂತ 1960ರ ದಶಕದಲ್ಲೇ ಗೊತ್ತಾಯಿತು. ಜಗತ್ತು ಡಿಡಿಟಿ ಕಡಿಮೆ ಮಾಡಿದ ಮೇಲೆ ಅವುಗಳ ಮೈಯಲ್ಲೂ ಇಳಿಯಬೇಕಿತ್ತು. 2008ರಲ್ಲಿ ಬಂದ ಅಧ್ಯಯನ ನೋಡಿದರೆ ಮೂವತ್ತು ವರ್ಷವಾದರೂ ಇಳಿದಿರಲಿಲ್ಲ. ಕಾರಣ ಏನಿರಬಹುದು ಅಂತ ಹುಡುಕಿದರೆ ಹಿಮನದಿಯ ಕರಗಿದ ನೀರು. ಐವತ್ತು ಅರವತ್ತರ ದಶಕದಲ್ಲಿ ಹಿಮದ ಜತೆ ಬಿದ್ದು ಹೂತಿದ್ದ ಡಿಡಿಟಿ ಈಗ ಕರಗಿ ಸಮುದ್ರಕ್ಕೆ ಇಳೀತಾ ಇದೆ. ನಮ್ಮಜ್ಜನ ಕಾಲದ್ದು, ಈಗ ಮೊಟ್ಟೆಯೊಡೆದ ಮರಿಯ ಮೈಗೆ.

ಅಲ್ಲಿ ನಾವೇ ಮಾಡಬಹುದಾದ ಮಾಲಿನ್ಯಕ್ಕೆ ಕಟ್ಟುನಿಟ್ಟು ಇದೆ. 1991ರ ಮ್ಯಾಡ್ರಿಡ್ ಒಡಂಬಡಿಕೆ ಬಂದ ಮೇಲೆ ಬಯಲಲ್ಲಿ ಕಸ ಸುಡೋ ಹಾಗಿಲ್ಲ, ಬ್ಯಾಟರಿ, ಹಳೇ ಆಯಿಲ್ ಎಲ್ಲಾ ಹಡಗಿನಲ್ಲಿ ವಾಪಸು ಬರಬೇಕು. ನಮಗೆ ದೊಡ್ಡ ಭಯ ಅಂದರೆ ಡೀಸೆಲ್. ಟ್ಯಾಂಕಿಗೆ ಪೈಪ್ ಹಾಕಿದಾಗ ಕೆಳಗೆ ತಟ್ಟೆ ಇಟ್ಟುಕೊಂಡು ಒಬ್ಬ ಕೂತೇ ಇರಬೇಕು. ಒಂದು ಸಲ ಕೈ ತಪ್ಪಿ ಒಂದು ಲೋಟದಷ್ಟು ಚೆಲ್ಲಿತು. ಬಿಳಿ ಹಿಮದ ಮೇಲೆ ಅದು ಚಹದ ಕಲೆ ಥರ ಹರಡುತ್ತಾ ಕೆಳಗಿಳಿಯಿತು. ಸಲಿಕೆ ತಂದು ಕಲೆ ಕಾಣೋವರೆಗೂ ತೋಡಿ, ಆ ಹಿಮಾನೆಲ್ಲ ಡ್ರಮ್ಮಿಗೆ ತುಂಬಿ ಮುಚ್ಚಳ ಬಿಗಿದೆವು. ಇಬ್ಬರಿಗೆ ಒಂದು ಗಂಟೆ ಹಿಡಿಯಿತು, ಒಂದು ಲೋಟಕ್ಕೆ. 1989ರಲ್ಲಿ ಅರ್ಜೆಂಟೀನಾದ ಬಹಿಯಾ ಪರೈಸೊ ಹಡಗು ಅಮೆರಿಕದ ಪಾಮರ್ ನೆಲೆಯ ಹತ್ತಿರ ಬಂಡೆಗೆ ಬಡಿದು ಸುಮಾರು 6 ಲಕ್ಷ ಲೀಟರ್ ಇಂಧನ ಸಮುದ್ರಕ್ಕೆ ಸುರಿಯಿತು ಅಂತ ಓದಿದಾಗ ನನಗೆ ಆ ಲೋಟವೇ ನೆನಪಾಗೋದು.

ನೇರನುಡಿ

ರಷ್ಯದ ನೊರಿಲ್ಸ್ಕ್ ಹತ್ತಿರ 2020ರ ಮೇ ತಿಂಗಳಲ್ಲಿ ಆದದ್ದನ್ನೂ ಸೇರಿಸಿ. ವಿದ್ಯುತ್ ಸ್ಥಾವರದ ಟ್ಯಾಂಕ್ ಕುಸಿದು ಸುಮಾರು 21,000 ಟನ್ ಡೀಸೆಲ್ ಸೋರಿತು, ಅಂಬರ್ನಾಯಾ ನದಿ ಕೆಂಪಾಗಿ ಹರಿಯಿತು. ಟ್ಯಾಂಕಿನ ಕೆಳಗೆ ಸದಾ ಹೆಪ್ಪುಗಟ್ಟಿರಬೇಕಾದ ನೆಲ ಸಡಿಲವಾದದ್ದೇ ಕಾರಣ ಎಂದು ಕಂಪನಿ ಹೇಳಿತು. ಆದರೂ ಕೋರ್ಟಿನಲ್ಲಿ ಕಂಪನಿಗೆ 14,600 ಕೋಟಿ ರೂಬಲ್‌ಗೂ ಹೆಚ್ಚು ದಂಡ ಬಿತ್ತು.

ಕಾಫಿಹೂ

ನನ್ನದೊಂದು ಪ್ರಶ್ನೆ. ನಾನ್‌ಸ್ಟಿಕ್ ತವಾದ ಕೆಮಿಕಲ್ ಕೂಡ ಧ್ರುವಕ್ಕೆ ಹೋಗುತ್ತದಂತೆ, ನಿಜವಾ?

ಮಾಂಟ್ರಿಯಲ್ ಮಲ್ಲಿಗೆ

ನಿಜ ಕಣಮ್ಮ. ತವಾದ ಲೇಪನಕ್ಕಿಂತ ಅದನ್ನು ತಯಾರಿಸುವಾಗ ಬಳಸುತ್ತಿದ್ದದ್ದು, ಬೆಂಕಿ ಆರಿಸುವ ನೊರೆ, ಕಲೆ ಹತ್ತದ ಕಾರ್ಪೆಟ್, ಮಳೆಕೋಟು, ಇವುಗಳದ್ದು ಹೆಚ್ಚು. ಪಿಎಫ್ಎಎಸ್ ಅಂತಾರೆ, ಸಾವಿರಾರು ಬಗೆ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬೆಸುಗೆ ಬಹಳ ಗಟ್ಟಿ, ಪ್ರಕೃತಿಯಲ್ಲಿ ಅದನ್ನು ಬಿಡಿಸುವವರೇ ಇಲ್ಲ. ಅವುಗಳಲ್ಲಿ ಪಿಎಫ್ಒಎಸ್ ಎಂಬುದು ಹಿಮಕರಡಿಯ ಮೈಯಲ್ಲೂ ಇದೆ ಅಂತ 2001ರಲ್ಲಿ ಜಾನ್ ಗೀಸಿ ಮತ್ತು ಕುರುಂತಾಚಲಂ ಕಣ್ಣನ್ ತೋರಿಸಿದರು. ಕಣ್ಣನ್ ತಮಿಳುನಾಡಿನ ಮೂಲದವರು. ಇದು ಡಿಡಿಟಿ ಥರ ಕೊಬ್ಬಿಗೆ ಹೋಗುವುದಿಲ್ಲ, ರಕ್ತಕ್ಕೂ ಪಿತ್ತಜನಕಾಂಗಕ್ಕೂ ಅಂಟುತ್ತದೆ. 2009ರಲ್ಲಿ ಒಪ್ಪಂದದ ಪಟ್ಟಿಗೆ ಸೇರಿತು, ಅಷ್ಟರಲ್ಲಿ ಅದರ ತಮ್ಮಂದಿರು ಮಾರುಕಟ್ಟೆಗೆ ಬಂದಾಗಿತ್ತು.

ಪಾದರಸವನ್ನು ಯಾರೂ ಎತ್ತಲಿಲ್ಲ. ಮಗಳು ಅದನ್ನು ಬಿಡುವುದು ಬೇಡ. ಕಲ್ಲಿದ್ದಲು ಸುಟ್ಟರೆ, ಚಿನ್ನ ಸೋಸಿದರೆ ಗಾಳಿಗೆ ಏಳುತ್ತದೆ, ತಿಂಗಳುಗಟ್ಟಲೆ ತೇಲುತ್ತದೆ. ಧ್ರುವದಲ್ಲಿ ದೀರ್ಘ ರಾತ್ರಿ ಮುಗಿದು ಮೊದಲ ಬಿಸಿಲು ಬಿದ್ದಾಗ ಸಮುದ್ರದ ಉಪ್ಪಿನಿಂದ ಬಂದ ಬ್ರೋಮಿನ್ ಅದನ್ನು ಹಿಡಿದು ಹಿಮಕ್ಕೆ ಕೆಡವುತ್ತದೆ. 1995ರಲ್ಲಿ ಅಲರ್ಟ್ ಠಾಣ್ಯದಲ್ಲೇ ಇದು ಮೊದಲು ಕಂಡದ್ದು: ವಸಂತದಲ್ಲಿ ಗಾಳಿಯ ಪಾದರಸ ಇದ್ದಕ್ಕಿದ್ದಂತೆ ಮಾಯ.

ಗೇರುಗುಡ್ಡೆ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಮಗಳು ಪೂರ್ತಿ ಓದಿದಳು. ಅವಳ ಇನ್ನೊಂದು ಪ್ರಶ್ನೆ. ಎಂಡೋಸಲ್ಫಾನ್ ನಿಂತದ್ದು ನಮ್ಮ ಊರಿನವರ ಹೋರಾಟದಿಂದಲೋ, ಧ್ರುವದಲ್ಲಿ ಸಿಕ್ಕಿದ್ದರಿಂದಲೋ?

ನಿವೃತ್ತ ಮೇಷ್ಟ್ರು

ಎರಡೂ ಇಲ್ಲದೆ ನಿಲ್ಲುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮಿಂದ ದಕ್ಷಿಣಕ್ಕೆ, ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಊರಿದೆ, ಕನ್ನಡ, ತುಳು ಮಾತಾಡುವ ಜನ. ಆ ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಬರೆದು ತಿಳಿಸಿದರು. ನಿಮ್ಮ ತಾಲೂಕಿನ ಕೊಕ್ಕಡ, ಪಟ್ರಮೆಯ ಸಂಕಟ ಬೆಳಕಿಗೆ ಬಂದದ್ದು ಅದರ ನಂತರ.

ಇನ್ನು ಸ್ಟಾಕ್‌ಹೋಮ್ ಒಪ್ಪಂದ. 2001ರಲ್ಲಿ ಸಹಿ, 2004ರಲ್ಲಿ ಜಾರಿ, ಮೊದಲ ಪಟ್ಟಿಯಲ್ಲಿ 12 ವಿಷಗಳು. ಹೊಸದೊಂದು ಆ ಪಟ್ಟಿಗೆ ಸೇರಬೇಕಾದರೆ ಅದು ಬೇಗ ನಾಶವಾಗಬಾರದು, ಜೀವಿಗಳ ಮೈಯಲ್ಲಿ ಕೂಡಬೇಕು, ಹಾನಿ ಮಾಡಬೇಕು, ಜತೆಗೆ ಬಳಸಿದ ಜಾಗದಿಂದ ಬಹುದೂರ ಸಾಗಿದ್ದಕ್ಕೆ ಸಾಕ್ಷಿ ಬೇಕು. ಒಂದು ಊರಿನ ಮಕ್ಕಳು ಎಷ್ಟೇ ನರಳಿದರೂ, ವಿಷ ಆ ಊರಲ್ಲೇ ಉಳಿದರೆ ಅದು ಆಯಾ ದೇಶದ ಕೆಲಸ, ಒಪ್ಪಂದ ಕೈಹಾಕುವುದಿಲ್ಲ. ಎಂಡೋಸಲ್ಫಾನ್ ದೂರ ಹೋಗುತ್ತದೆ ಎಂಬ ಸಾಕ್ಷಿ ಬಂದದ್ದು ಧ್ರುವದ ಗಾಳಿ, ಹಿಮ, ಪ್ರಾಣಿಗಳಿಂದ. ಭಾರತ ಆಗ ಅದರ ದೊಡ್ಡ ಉತ್ಪಾದಕವಾಗಿತ್ತು. ಬಹಳ ಕಾಲ ವಿರೋಧಿಸಿತು, ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ತೀರ್ಮಾನವಾಯಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಮಾಂಟ್ರಿಯಲ್ ಮಲ್ಲಿಗೆ

ಮೇಷ್ಟ್ರೇ, ಆ ಒಪ್ಪಂದದ ಹಿಂದೆ ಒಂದು ಗೊಂಬೆ ಇದೆ. ಮಾತುಕತೆ 1999ರಲ್ಲಿ ನೈರೋಬಿಯಲ್ಲಿ ನಡೆದಾಗ ಇನುಯಿಟ್ ಜನರ ಪರವಾಗಿ ಹೋಗಿದ್ದವರು ನುನಾವಿಕ್‌ನವರೇ ಆದ ಶೀಲಾ ವಾಟ್-ಕ್ಲೂಟಿಯರ್. ತಾಯಿ ಮಗುವಿನ ಪುಟ್ಟ ಕೆತ್ತನೆಯೊಂದನ್ನು ಅವರು ಅಲ್ಲಿ ಕೊಟ್ಟರು. ಮುಂದಿನ ಸಭೆಗಳಲ್ಲಿ ಅದು ಅಧ್ಯಕ್ಷರ ಮೇಜಿನ ಮೇಲೇ ಇತ್ತು, ದೇಶ ದೇಶದ ಅಧಿಕಾರಿಗಳು ಅದರ ಎದುರು ಕೂತು ಅಲ್ಪವಿರಾಮಕ್ಕೂ ವಾದ ಮಾಡಿದರು. ಒಪ್ಪಂದದ ಪೀಠಿಕೆಯಲ್ಲಿ ಧ್ರುವದ ಮೂಲನಿವಾಸಿಗಳ ಆಹಾರ ಕೆಟ್ಟಿರುವುದು ಸಾರ್ವಜನಿಕ ಆರೋಗ್ಯದ ಪ್ರಶ್ನೆ ಎಂಬ ಮಾತು ಬಂದಿದೆ.

ಗೇರುಗುಡ್ಡೆ ಅಕ್ಕ, ಮಗಳಿಗೆ ಇದನ್ನೂ ಹೇಳಿ. ನುನಾವಿಕ್‌ನ ಬಸುರಿಯರ ರಕ್ತದಲ್ಲಿ ಈ ಹಳೆಯ ವಿಷಗಳು 1990ರ ದಶಕಕ್ಕಿಂತ ಈಗ ಬಹಳ ಇಳಿದಿವೆ.

ಗೇರುಗುಡ್ಡೆ

ಇದನ್ನು ಓದಿ ಇವತ್ತು ಸಂಜೆ ಮಗಳನ್ನು ಕರೆದುಕೊಂಡು ಆ ಮನೆಗೆ ಹೋಗಿದ್ದೆ. ಅವನ ಅಮ್ಮನಿಗೆ ಹೇಳಿದೆ, ಹೀಗೆ ಹಿಮದ ನಾಡಿನಲ್ಲೂ ಕೆಲವು ಅಮ್ಮಂದಿರು ಉಂಟು, ಅವರಿಗೂ ಹೀಗೆ ಆಗಿತ್ತು ಅಂತ. ಅವರು ಮಗನ ಬಾಯಿ ಒರಸುತ್ತಾ ಕೇಳಿದ್ದು ಒಂದೇ: "ಅವರ ಮಕ್ಕಳು ನಡೆಯುತ್ತಾರಾ?" ನಡೆಯುತ್ತಾರೆ ಅಂದೆ. "ದೇವರು ದೊಡ್ಡವ" ಅಂದರು. ಮಗಳು ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸಪ್ತಾಪುರದಾಂವ

ಆ ತಾಯಿಗೆ ನಮ್ದೂ ನಮಸ್ಕಾರ ಹೇಳ್ರಿ ಅಕ್ಕಾರ.

ನಾಲೆಬಯಲು

ಮೇಷ್ಟ್ರೇ, ಒಂದ್ ವಿಚಾರ. ಇದೆಲ್ಲ ಓದಿದ ಮೇಲೆ ನಿದ್ದೆ ಬರ್ಲಿಲ್ಲ. ಬೆಳಗ್ಗೆ ಎದ್ದು ಹಳೇ ಮನೆ ಅಟ್ಟ ಹತ್ತಿ ನೋಡ್ದೆ. ರಾಗಿ ಬೀಸೋ ಕಲ್ಲಿನ ಹಿಂದೆ ಒಂದು ಡಬ್ಬ ಐತೆ, ಅದ್ರೊಳಗೆ ಅಪ್ಪ ಮಡಗಿದ್ದ ಪುಡಿ ಅರ್ಧ ಚೀಲ. ಏನ್ ಮಾಡ್ಲಿ? ಹಿತ್ತಲಲ್ಲಿ ಗುಂಡಿ ತೋಡಿ ಹೂತುಬಿಡ್ಲಾ?

ನಿವೃತ್ತ ಮೇಷ್ಟ್ರು

ಹೂಳಬೇಡಿ, ಬಾವಿಗೆ ಇಳಿಯುತ್ತದೆ. ಸುಡಲೂ ಬೇಡಿ, ಕ್ಲೋರಿನ್ ಇರುವ ವಸ್ತು, ಒಲೆಯ ಬೆಂಕಿಯಲ್ಲಿ ಸುಟ್ಟರೆ ಇದಕ್ಕಿಂತ ಕೆಟ್ಟ ಡಯಾಕ್ಸಿನ್ ಹುಟ್ಟುತ್ತದೆ. ನಾಲೆಗಂತೂ ಬೇಡವೇ ಬೇಡ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಡಬ್ಬದ ಸಮೇತ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಬಿಗಿ ಮುಚ್ಚಳದ ಬಕೆಟ್ಟಿನಲ್ಲಿಡಿ. ಮೇಲೆ ವಿಷ ಎಂದು ದೊಡ್ಡದಾಗಿ ಬರೆಯಿರಿ. ದನ, ಮಕ್ಕಳು ಹೋಗದ ಜಾಗ ನೋಡಿ. ಆಮೇಲೆ ಜಿಲ್ಲೆಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಅರ್ಜಿ ಕೊಟ್ಟು, ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಕಳಿಸಬೇಕೆಂದು ಕೇಳಿ. ಅರ್ಜಿಯ ಒಕ್ಕಣೆ ನಾನು ಬರೆದುಕೊಡುತ್ತೇನೆ.

ನಾಲೆಬಯಲು

ನೀವು ಹೇಳ್ದಂಗೇ ಮಾಡ್ದೆ ಮೇಷ್ಟ್ರೇ. ಬಕೆಟ್ಟು ಬೀಗ ಹಾಕೋ ಕೋಣೇಲಿ ಐತೆ, ಸೋಮವಾರ ಅರ್ಜಿ ಹಿಡ್ಕೊಂಡು ಹೊಯ್ತೀನಿ. ಡಬ್ಬದ ಮುಚ್ಚಳ ಒಸಿ ಸಡಿಲ ಆಗಿತ್ತು. ಬಿಗಿ ಮಾಡೋವಾಗ ವಾಸನೆ ಬಂತು, ಗದ್ದೆ ಬದೂನ ಮೇಲೆ ಬೆಳಗಿನ ಜಾವ ಬರ್ತಿದ್ದ ಅದೇ ಮುಗ್ಗಲು ವಾಸನೆ. ಅಪ್ಪ ಹೋಗಿ ಇಪ್ಪತ್ತೆರಡು ವರ್ಷ ಆಯ್ತು. ವಾಸನೆ ಒಂದ್ ಚೂರೂ ಕಮ್ಮಿ ಆಗಿಲ್ಲ.